ಮೆಣಸಿನಕಾಯಿ ಹೊಲಕ್ಕೆ ಡ್ರಿಪ್‌ನಲ್ಲಿ ಕಾಕಂಬಿ: ಕಟ್ಟಿದ್ದು, ಕೆಟ್ಟಿದ್ದು, ಸರಿಮಾಡಿದ್ದು

ಹೊಲ: ಬಳ್ಳಾರಿ ಜಿಲ್ಲೆ, ಕುರುಗೋಡು ಕಡೆಯ ಎರೆ (ಕಪ್ಪು ಮಣ್ಣು), ಅರ್ಧ ಎಕರೆ.
ಬೆಳೆ: ಬ್ಯಾಡಗಿ ಮೆಣಸಿನಕಾಯಿ, 2024ರ ಆಗಸ್ಟ್ 24ಕ್ಕೆ ನಾಟಿ.
ನೀರು: ಕಾಲುವೆಯಿಂದ ತುಂಬಿಸಿದ ಕೃಷಿ ಹೊಂಡ, 3 ಎಚ್‌ಪಿ ಮೋಟರ್.
ಡ್ರಿಪ್: 16 ಎಂಎಂ ಇನ್‌ಲೈನ್ ಪೈಪು, ಸಾಲಿಂದ ಸಾಲಿಗೆ 4 ಅಡಿ, 40 ಸೆಂ.ಮೀ.ಗೆ ಒಂದು ತೂತು, ತೂತಿಗೆ ಗಂಟೆಗೆ 2 ಲೀಟರ್. ಒಟ್ಟು ಪೈಪು ಸುಮಾರು 1,650 ಮೀಟರ್, ತೂತು ಸುಮಾರು 4,150, ಗಂಟೆಗೆ ಹೋಗುವ ನೀರು 8,300 ಲೀಟರ್.

ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ದೊಡ್ಡ ತಪ್ಪು ಆಗಿದ್ದು ಇದನ್ನು ಲೆಕ್ಕ ಹಾಕದ್ದಕ್ಕೇ.

ಕೆಲಸದ ಉದ್ದೇಶ ಇಷ್ಟು: ಜೀವಾಮೃತಕ್ಕೆ (ಸಗಣಿ, ಗೋಮೂತ್ರ, ಬೆಲ್ಲ, ಹಿಟ್ಟು ನೀರಲ್ಲಿ ಹುಳಿಸಿದ್ದು) ಬೆಲ್ಲದ ಬದಲು ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಹಾಕಿ, ಕೊಡದಲ್ಲಿ ಹೊತ್ತು ಬುಡಕ್ಕೆ ಸುರಿಯುವ ಬದಲು ಡ್ರಿಪ್‌ನಲ್ಲಿ ಬಿಡುವುದು.

ಸೆಪ್ಟೆಂಬರ್ 22 – ಕಾಕಂಬಿ ತಂದದ್ದು

ಸಕ್ಕರೆ ಕಾರ್ಖಾನೆಯ ಕಾಕಂಬಿ ಅಬಕಾರಿ ಲೆಕ್ಕದಲ್ಲಿರುವ ಸರಕು. ಟ್ಯಾಂಕರ್‌ನಿಂದ ಇಳಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಪಶು ಆಹಾರದ ಅಂಗಡಿಯಲ್ಲಿ 25 ಕೆಜಿ ಡಬ್ಬ ಬಿಲ್ ಸಮೇತ ಸಿಗುತ್ತದೆ. ಕೊಟ್ಟದ್ದು ಡಬ್ಬಕ್ಕೆ 875 ರೂಪಾಯಿ, ಅಂದರೆ ಕೆಜಿಗೆ 35.

ನೀರು ಬೆರೆಸಿದ ಕಾಕಂಬಿ ಬರುವುದುಂಟು. ಪರೀಕ್ಷೆ ಸುಲಭ: ಒಂದು ಲೀಟರ್ ಬಾಟಲಿಗೆ ಕತ್ತಿನವರೆಗೆ ತುಂಬಿ ತೂಗಿ. ಬಾಟಲಿಯ ತೂಕ ಕಳೆದು 1.4 ಕೆಜಿ ಆಸುಪಾಸು ಬರಬೇಕು. 1.3ಕ್ಕಿಂತ ಕೆಳಗಿದ್ದರೆ ನೀರು ಬಿದ್ದಿದೆ. ಅಂಥದ್ದು ಡಬ್ಬದಲ್ಲೇ ಹುಳಿತು ಉಬ್ಬುತ್ತದೆ, ಹೆಚ್ಚು ದಿನ ಇಡಲಾಗದು. ನೀರು ಸೋಕದ ಕಾಕಂಬಿ ನೆರಳಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಡಬ್ಬವನ್ನು ನೀರು ತುಂಬಿದ ಬಾಣಲೆಯಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಒಂದೇ ರಾತ್ರಿಗೆ ಇರುವೆ ಸಾಲು ಹಿಡಿಯುತ್ತದೆ.

ಹಣದ ಲೆಕ್ಕವನ್ನು ನೇರವಾಗಿ ಹೇಳಬೇಕು. ಎಕರೆಯ ಜೀವಾಮೃತಕ್ಕೆ 2 ಕೆಜಿ ಬೆಲ್ಲ ಹಾಕುವುದು ರೂಢಿ. ಕಾಕಂಬಿಯಲ್ಲಿ ಸಕ್ಕರೆ ಅಂಶ ಅರ್ಧದಷ್ಟೇ ಇರುವುದರಿಂದ ಅದೇ ಸಕ್ಕರೆಗೆ 3.5 ಕೆಜಿ ಕಾಕಂಬಿ ಬೇಕು, ಖರ್ಚು 122 ರೂಪಾಯಿ. ಕಂಪ್ಲಿ ಕಡೆಯ ಗಾಣಗಳಲ್ಲಿ ಸಿಗುವ ಕಪ್ಪು, ಪುಡಿ ಬೆಲ್ಲ ಇದಕ್ಕಿಂತ ಅಗ್ಗ ಬೀಳುತ್ತದೆ. ಕಾಲುವೆ ನೀರನ್ನು ಸಾಲಿಗೆ ಹಾಯಿಸುವವರು ಆ ಬೆಲ್ಲವನ್ನೇ ಹಾಕಿದರೆ ಸಾಕು, ಕಾಕಂಬಿ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಡ್ರಿಪ್‌ಗೆ ಮಾತ್ರ ಕಾಕಂಬಿ ವಾಸಿ. ಬೆಲ್ಲದಲ್ಲಿ ಕಬ್ಬಿನ ಸಿಪ್ಪೆ, ಮಣ್ಣು ಇರುತ್ತವೆ, ಕುಟ್ಟಿ ಕರಗಿಸುವ ಕೆಲಸ ಬೇರೆ.

ಕಾಕಂಬಿಯಲ್ಲಿ ಪೊಟ್ಯಾಷ್ ಇದೆ ಎಂದು ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಡಿ. 3.5 ಕೆಜಿ ಕಾಕಂಬಿಯಲ್ಲಿ ಸಿಗುವುದು ನೂರು ಗ್ರಾಂ ಆಸುಪಾಸು. ನೀರಾವರಿ ಮೆಣಸಿನಕಾಯಿಗೆ ಎಕರೆಗೆ ಬೇಕಾದ್ದು ಮೂವತ್ತು ಕೆಜಿ ಹತ್ತಿರ. ಕಾಕಂಬಿ ಗೊಬ್ಬರವಲ್ಲ, ಗೊಬ್ಬರ ಕರಗಿಸುವ ಸೂಕ್ಷ್ಮಾಣುಗಳಿಗೆ ಮೇವು. ಮೇವಿನ ಅಳತೆಯಲ್ಲೇ ಹಾಕಬೇಕು.

ಸೆಪ್ಟೆಂಬರ್ 24, 25 – ಡ್ರಮ್ಮು, ವೆಂಚುರಿ ಜೋಡಣೆ

ಬೇಕಾದದ್ದು: 200 ಲೀಟರ್‌ನ ನೀಲಿ ಪ್ಲಾಸ್ಟಿಕ್ ಡ್ರಮ್ಮು 2 (ಹಳೆಯವು, ತಲಾ 900), ಒಂದು ಇಂಚಿನ ವೆಂಚುರಿ, ಅಂದರೆ ಹರಿಯುವ ನೀರಿನ ಬಲದಿಂದಲೇ ಡ್ರಮ್ಮಿನ ದ್ರವವನ್ನು ಪೈಪಿಗೆ ಎಳೆಯುವ ಸಾಧನ (650), ಮುಕ್ಕಾಲು ಇಂಚಿನ ಟ್ಯಾಂಕ್ ನಿಪ್ಪಲ್ 2, ಬಾಲ್ ವಾಲ್ 3, ಪೈಪು, ಎಲ್ಬೋ, ಸಲ್ಯೂಷನ್ (ಎಲ್ಲ ಸೇರಿ 1,140), ಒತ್ತಡ ನೋಡುವ ಗೇಜು 2 (480). ಹಳೆ ಡ್ರಮ್ಮು ಕೊಳ್ಳುವಾಗ ಮೂಸಿ ನೋಡಿ. ಔಷಧಿ, ರಾಸಾಯನಿಕದ ವಾಸನೆ ಇದ್ದರೆ ಎಷ್ಟು ತೊಳೆದರೂ ಬಿಡದು.

ಎರಡೂ ಡ್ರಮ್ಮಿಗೆ ತಳದಿಂದ 6 ಇಂಚು ಮೇಲೆ ಹೋಲ್‌ಸಾ ಹಾಕಿ ತೂತು ಕೊರೆದು ನಿಪ್ಪಲ್ ಕೂರಿಸಿದ್ದು. ತಳದಲ್ಲೇ ಕೊರೆದರೆ ಕೂತ ಸಗಣಿ ಗಸಿಯೆಲ್ಲ ಪೈಪಿಗೆ ಬರುತ್ತದೆ. ಒಂದು ಡ್ರಮ್ಮು ಹುಳಿಸಲು, ಕಲ್ಲಿನ ಕಟ್ಟೆಯ ಮೇಲೆ. ಇನ್ನೊಂದು ತಿಳಿ ಕೂರಿಸಲು, ಎರಡು ಅಡಿ ಕೆಳಗೆ.

ಮೇನ್ ಪೈಪು 2 ಇಂಚು. ಅದರ ನಡುವೆ ಒಂದು ಬಾಲ್ ವಾಲ್, ವಾಲ್‌ನ ಆಚೆ ಈಚೆ ಟೀ ಹಾಕಿ ಒಂದು ಇಂಚಿನ ಅಡ್ಡ ಪೈಪಿನಲ್ಲಿ ವೆಂಚುರಿ. ಮೇನ್ ವಾಲ್ ಸ್ವಲ್ಪ ಮುಚ್ಚಿದಾಗ ನೀರು ಅಡ್ಡ ಪೈಪಿಗೆ ತಿರುಗಿ ವೆಂಚುರಿ ಎಳೆಯತೊಡಗುತ್ತದೆ. ವೆಂಚುರಿಗೆ ಮುಂಚಿನ ಗೇಜು 1.6 ಕೆಜಿ ಒತ್ತಡ, ಆಮೇಲಿನದು 1.1 ಕೆಜಿ ತೋರಿಸಿದಾಗ ನಿಮಿಷಕ್ಕೆ 1.8 ಲೀಟರ್ ಎಳೆಯಿತು. ಬಕೆಟ್‌ನಲ್ಲಿ ನೀರು ಅಳೆದಿಟ್ಟು ಗಡಿಯಾರ ನೋಡಿ ತೆಗೆದ ಅಳತೆ ಇದು.

ತಪ್ಪು 1: ವೆಂಚುರಿ ಕೂರಿಸಿದ್ದು ಫಿಲ್ಟರ್ ಆದ ಮೇಲೆ. ಅಲ್ಲಿ ಜಾಗ ಇತ್ತು, ಕೈಗೆ ಸಿಗುತ್ತಿತ್ತು, ಕಾರಣ ಅಷ್ಟೇ. ಫಿಲ್ಟರ್ ದಾಟಿದ ಮೇಲೆ ಸೇರುವ ಕಸಕ್ಕೆ ಮುಂದೆ ತಡೆಯೇ ಇಲ್ಲ, ನೇರ ತೂತಿಗೇ ಹೋಗುತ್ತದೆ. ಇದರ ಫಲ ಗೊತ್ತಾಗಲು ಎರಡು ವಾರ ಬೇಕಾಯಿತು.

ಸೆಪ್ಟೆಂಬರ್ 27 – ಮೊದಲ ಹದ

ಅರ್ಧ ಎಕರೆಗೆ: ನೀರು 100 ಲೀ., ನಾಟಿ ಹಸುವಿನ ಸಗಣಿ 5 ಕೆಜಿ, ಗೋಮೂತ್ರ 5 ಲೀ., ಕಾಕಂಬಿ 1.75 ಕೆಜಿ (ಅಳೆದರೆ ಒಂದೂಕಾಲು ಲೀಟರ್), ಕಡಲೆ ಹಿಟ್ಟು 1 ಕೆಜಿ, ಬದುವಿನ ಮಣ್ಣು ಒಂದು ಹಿಡಿ. 200 ಲೀಟರ್ ಡ್ರಮ್ಮಿಗೆ 100 ಲೀಟರ್ ಮಾತ್ರ ಹಾಕಿದ್ದು ನೊರೆ ಉಕ್ಕಲು ಜಾಗ ಇರಲೆಂದು.

ತಪ್ಪು 2: ಕಾಕಂಬಿಯನ್ನು ಡಬ್ಬದಿಂದ ನೇರ ಡ್ರಮ್ಮಿಗೆ ಸುರಿದದ್ದು. ನೀರಿಗಿಂತ ಭಾರ, ಹೋಗಿ ತಳದಲ್ಲಿ ಅಂಟಿಕೊಂಡಿತು. ಎರಡು ದಿನ ಕೋಲಾಡಿಸಿದ ಮೇಲೂ ತಳ ಕೆರೆದರೆ ಕಪ್ಪು ಮುದ್ದೆ ಬಂತು. ಈಗ ಮಾಡುವುದು: ಬಕೆಟ್‌ನಲ್ಲಿ 6 ಲೀಟರ್ ಉಗುರುಬೆಚ್ಚನೆ ನೀರು, ಅದಕ್ಕೆ ಕಾಕಂಬಿಯನ್ನು ಎಳೆಯಾಗಿ ಬಿಡುತ್ತಾ ಕಲಕುವುದು, ಪೂರ್ತಿ ಕರಗಿದ ಮೇಲೆ ಡ್ರಮ್ಮಿಗೆ. ಡಿಸೆಂಬರ್ ಬೆಳಗ್ಗೆ ಕಾಕಂಬಿ ಡಬ್ಬದಿಂದ ಇಳಿಯುವುದೇ ಇಲ್ಲ. ಹೊತ್ತೇರಿದ ಮೇಲೆ ಈ ಕೆಲಸ ಇಟ್ಟುಕೊಳ್ಳಿ.

ದಿನಕ್ಕೆ ಎರಡು ಸಲ, ಐದೈದು ನಿಮಿಷ ಬಿದಿರು ಕೋಲಿನಿಂದ ಕಲಕುವುದು. ಬಾಯಿಗೆ ಗೋಣಿ ಚೀಲ. ಡ್ರಮ್ಮಿನ ಮುಚ್ಚಳ ಬಿಗಿಯಬಾರದು, ಕಾಕಂಬಿ ನೀರು ಹುಳಿಯುವಾಗ ಹುಟ್ಟುವ ಗಾಳಿ ಮುಚ್ಚಳವನ್ನೇ ಎಗರಿಸುತ್ತದೆ. ನಮ್ಮ ಕಡೆಯ ಬಿಸಿಲಿಗೆ ಎರಡು ದಿನಕ್ಕೆ ಹದ ಬರುತ್ತದೆ, ಚಳಿಗಾಲದಲ್ಲಿ ನಾಲ್ಕು. ಸಿಹಿ-ಹುಳಿ ವಾಸನೆ ಬಂದರೆ ಸರಿ. ಚರಂಡಿಯ ನಾತ ಬಂದರೆ ಗಾಳಿ ಸಾಲದೆ ಕೊಳೆತಿದೆ ಎಂದರ್ಥ, ತಿಪ್ಪೆಗೆ ಸುರಿದು ಹೊಸದಾಗಿ ಮಾಡಿ.

ಸೆಪ್ಟೆಂಬರ್ 30 – ಮೊದಲ ಸಲ ಬಿಟ್ಟದ್ದು

ಹತ್ತಿ ಪಂಚೆಯಲ್ಲಿ ಸೋಸಲು ಹೋಗಿ ಹತ್ತು ಲೀಟರ್‌ಗೆ ಬಟ್ಟೆ ಕಟ್ಟಿಕೊಂಡಿತು. ಕಡಲೆ ಹಿಟ್ಟು ಅಂಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಬಟ್ಟೆ ತೆಗೆದು ಸೊಳ್ಳೆ ಪರದೆಯಲ್ಲಿ ಸೋಸಿ ಬಿಟ್ಟಾಯಿತು. ಅಂದಿಗೆ ಎಲ್ಲ ಸರಿಯಾಗಿಯೇ ಹೋಯಿತು.

ಅಕ್ಟೋಬರ್ 5 – ಅಳತೆ ತಪ್ಪಿದ ದಿನ

ಎರಡು ಹದಗಳ ನಡುವೆ ಬರೀ ಕಾಕಂಬಿ ನೀರು ಬಿಟ್ಟು ನೋಡುವ ಯೋಚನೆ. ಅಳತೆ ಹಿಡಿದದ್ದು ಲೀಟರ್ ನೀರಿಗೆ 4 ಮಿಲೀ.

ಈ 4 ಮಿಲೀ ಎಲ್ಲಿಂದ ಬಂತು ಎನ್ನುವುದೇ ಮುಖ್ಯ. ಅಮೆರಿಕ, ಕೆನಡಾ ಕಡೆ ಕುಂಡದಲ್ಲಿ ಗಾಂಜಾ ಬೆಳೆಯುವವರಲ್ಲಿ ಓಡಾಡುವ ಅಳತೆ ಇದು: ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ 3.8 ಲೀಟರ್‌ಗೆ 15 ಮಿಲೀ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಬೆಳೆಯುವುದು ಅಪರಾಧ, ಆ ಬೆಳೆಯ ಮಾತು ಇಲ್ಲಿ ಬೇಡ. ಆದರೆ ಅಳತೆ ಮಾತ್ರ ಬೆಳೆಯ ಹೆಸರು ಕಳಚಿಕೊಂಡು ಟೊಮೆಟೊ, ಮೆಣಸಿನಕಾಯಿ, ದಾಳಿಂಬೆ ಎಲ್ಲಕ್ಕೂ ಬಂದು ಕೂತಿದೆ. ಅಲ್ಲಿ ಒಂದು ಕುಂಡಕ್ಕೆ ನಾಲ್ಕು ಲೀಟರ್ ನೀರು, ತೆಂಗಿನ ನಾರಿನ ಪುಡಿ ಬೆರೆಸಿದ ಸಡಿಲ ಮಣ್ಣು, ಹೆಚ್ಚಾದದ್ದು ತಳದ ತೂತಿನಿಂದ ಸೋರಿ ಹೋಗುತ್ತದೆ. ಇಲ್ಲಿ ಗಂಟೆಗೆ 8,300 ಲೀಟರ್, ನೀರು ಬಿಟ್ಟುಕೊಡದ ಎರೆ ಮಣ್ಣು. 4 ಮಿಲೀಯಂತೆ ಗಂಟೆಗೆ 33 ಲೀಟರ್, ಅಂದರೆ 46 ಕೆಜಿ ಕಾಕಂಬಿ! ಹೊಲಕ್ಕೆ ಕಾಕಂಬಿಯನ್ನು ಲೀಟರ್‌ಗೆ ಇಷ್ಟು ಮಿಲೀ ಎಂದು ಅಳೆಯಲೇಬಾರದು, ಎಕರೆಗೆ ಇಷ್ಟು ಕೆಜಿ ಎಂದೇ ಅಳೆಯಬೇಕು.

ಈ ಲೆಕ್ಕ ಆದದ್ದು ಆಮೇಲೆ. ಆ ದಿನ ಹೊಸ ಡಬ್ಬ ಒಡೆದು, ಒಂದಕ್ಕೆ ಎರಡು ಪಾಲು ನೀರು ಬೆರೆಸಿ ವೆಂಚುರಿಗೆ ಕೊಟ್ಟದ್ದು. ಅರ್ಧ ಗಂಟೆಯಲ್ಲಿ 25 ಕೆಜಿ ಡಬ್ಬ ಖಾಲಿ.

ತಪ್ಪು 3 ಅದು. ತಪ್ಪು 4 ಅದರ ಬೆನ್ನಿಗೇ: ಕಾಕಂಬಿ ಮುಗಿದ ಕೂಡಲೆ ಮೋಟರ್ ಬಂದ್ ಮಾಡಿದ್ದು. 16 ಎಂಎಂ ಪೈಪಿನಲ್ಲಿ ಮೀಟರ್‌ಗೆ ಸುಮಾರು 150 ಮಿಲೀ ನೀರು ನಿಲ್ಲುತ್ತದೆ. 1,650 ಮೀಟರ್‌ಗೆ 250 ಲೀಟರ್ ಸಿಹಿ ನೀರು ಬಿಸಿಲಲ್ಲಿ ಕಪ್ಪು ಪೈಪಿನೊಳಗೆ ಉಳಿಯಿತು. ಲೋಳೆ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಅಕ್ಟೋಬರ್ 9 – ಗಿಡದಲ್ಲಿ ಕಂಡದ್ದು

ಕೆಳಗಿನ ಎಲೆ ಬಿಳಚು ಹಳದಿ, ಮಧ್ಯಾಹ್ನ ಗಿಡ ಬಾಡಿದ ಹಾಗೆ, ಮಣ್ಣು ಮಾತ್ರ ಹಸಿ. ಬುಡದ ಹತ್ತಿರ ನಾಲ್ಕು ಬೆರಳು ಅಗೆದರೆ ಹುಳಿ ನಾತ. ಇರುವೆ ಗೂಡು ಸಾಲಿನುದ್ದಕ್ಕೂ.

ಕಾಕಂಬಿ ಸಾರಜನಕ ಹಿಡಿದಿಟ್ಟಿತು, ಯೂರಿಯಾ ಹಾಕಿ ಎನ್ನುವ ಸಲಹೆ ಮೊದಲು ಬರುತ್ತದೆ. ಲೆಕ್ಕ ಹಾಕಿ ನೋಡಿದರೆ 25 ಕೆಜಿ ಕಾಕಂಬಿಗೆ ಸೂಕ್ಷ್ಮಾಣುಗಳು ಹಿಡಿಯುವ ಸಾರಜನಕ ಕಾಲು ಕೆಜಿ ಆಸುಪಾಸು, ಅರ್ಧ ಕೆಜಿ ಯೂರಿಯಾದಷ್ಟು. ಅರ್ಧ ಎಕರೆ ಹಳದಿಯಾಗಲು ಅದು ಸಾಲದು. ನಿಜವಾದ ಕಾರಣ ಗಾಳಿ. ಅಷ್ಟೂ ಸಕ್ಕರೆ ತೂತಿನ ಕೆಳಗಿನ ಅಂಗೈಯಗಲ ಹಸಿ ಎರೆಯಲ್ಲೇ ಬಿತ್ತು, ಅದನ್ನು ತಿನ್ನುವ ಭರದಲ್ಲಿ ಸೂಕ್ಷ್ಮಾಣುಗಳು ಅಲ್ಲಿನ ಗಾಳಿಯನ್ನೆಲ್ಲ ಎಳೆದುಕೊಂಡವು, ಬೇರಿಗೆ ಉಸಿರಿಲ್ಲದಾಯಿತು. ಯೂರಿಯಾ ಕೊಡಲು ಮತ್ತೆ ನೀರು ಬಿಟ್ಟಿದ್ದರೆ ಇನ್ನೂ ಕೆಡುತ್ತಿತ್ತು.

ಮಾಡಿದ್ದು: ಐದು ದಿನ ನೀರು ಪೂರ್ತಿ ಬಂದ್. ಮೂರನೇ ದಿನ ಸಾಲಿನ ನಡುವೆ ಎಡೆ ಹೊಡೆದು ಮೇಲ್ಮಣ್ಣು ಒಡೆದದ್ದು. ಆರನೇ ದಿನ ಬರೀ ನೀರು, ಅರ್ಧ ಗಂಟೆ. ಆಮೇಲೆ ನೀರಲ್ಲಿ ಕರಗುವ 19:19:19 ಗೊಬ್ಬರ ಒಂದು ಕೆಜಿ. ಹೊಸ ಚಿಗುರು ಹಸಿರಾಗಿ ಬಂತು, ಹಳದಿಯಾದ ಎಲೆ ಹಸಿರಾಗಲಿಲ್ಲ, ಉದುರಿದವು. ತಗ್ಗಿನ ಎರಡು ಸಾಲಿನಲ್ಲಿ ಹನ್ನೊಂದು ಗಿಡ ಹೋದವು.

ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಕಾಲುವೆ ಕೆಳಭಾಗದ ಸವಳು ಹೊಲ ಇರುವವರು ಇನ್ನೂ ಎಚ್ಚರ ವಹಿಸಬೇಕು. ಕಾಕಂಬಿಯ ತೂಕದಲ್ಲಿ ಹತ್ತನೇ ಒಂದು ಪಾಲು ಬೂದಿ, ಅಂದರೆ ಉಪ್ಪಿನಂಶ. ಒಂದೂಮುಕ್ಕಾಲು ಕೆಜಿಗೆ ಅದು ಲೆಕ್ಕಕ್ಕಿಲ್ಲ, ಡಬ್ಬಗಟ್ಟಲೆ ಸುರಿದರೆ ಲೆಕ್ಕಕ್ಕೆ ಬರುತ್ತದೆ.

ಅಕ್ಟೋಬರ್ 15 – ತೂತು ಕಟ್ಟಿದ್ದು ಗೊತ್ತಾದದ್ದು

ನೀರು ಬಿಟ್ಟಾಗ ಸಾಲಿನ ತುದಿ ಒಣಗಿಯೇ ಇತ್ತು. ಕಣ್ಣಂದಾಜು ಬೇಡ, ಅಳೆಯಿರಿ: 20 ತೂತಿನ ಕೆಳಗೆ ಬಟ್ಟಲಿಟ್ಟು 15 ನಿಮಿಷ. ಸರಿ ಇದ್ದರೆ ಬಟ್ಟಲಿಗೆ 500 ಮಿಲೀ ಬರಬೇಕು. ಮೇನ್ ಹತ್ತಿರದವು 450ರಿಂದ 480. ನಡುವಿನವು 300. ತುದಿಯವು 120ರಿಂದ 200. ಮೂರು ಬಟ್ಟಲು ಖಾಲಿ.

ಕಟ್ಟಿದ ಕಡೆ ಒಂದು ಅಡಿ ಪೈಪು ಕತ್ತರಿಸಿ ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಲೋಳೆ, ಬೆರಳಿಗೆ ಜಾರುತ್ತದೆ, ನಡುನಡುವೆ ಹಸಿರು ಪಾಚಿ, ಹಿಟ್ಟಿನ ಕಣ. ಯಾವ ಮದ್ದು ಎಂದು ತಿಳಿಯುವುದು ಇಲ್ಲಿಯೇ. ಜಾರುವ ಲೋಳೆಗೆ ಬ್ಲೀಚಿಂಗ್ ಪೌಡರ್. ಬೆಳ್ಳಗೆ, ಗರಸಾಗಿ ಸುಣ್ಣ ಕಟ್ಟಿದ್ದರೆ ಆಸಿಡ್. ಎರಡನ್ನೂ ಒಂದೇ ದಿನ, ಒಂದೇ ಡ್ರಮ್ಮಿನಲ್ಲಿ ಯಾವ ಕಾರಣಕ್ಕೂ ಸೇರಿಸಬೇಡಿ, ಏಳುವ ಕ್ಲೋರಿನ್ ಗಾಳಿ ಪ್ರಾಣಕ್ಕೆ ಎರವಾಗುತ್ತದೆ.

ಪಾಚಿಗೂ ಕಾರಣವಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಕಾಲುವೆ ನಿಲ್ಲುತ್ತದೆಂಬ ಅಂಜಿಕೆಗೆ ಹೊಂಡವನ್ನು ಅಂಚಿನವರೆಗೆ ತುಂಬಿಸಿಟ್ಟದ್ದು. ಎರಡು ತಿಂಗಳು ನಿಂತ ನೀರು ಹಸಿರಾಗಿತ್ತು. ಮೋಟರ್ ನೀರೆಳೆಯುವ ಪೈಪಿನ ಬಾಯಿ (ಫುಟ್‌ವಾಲ್) ತಳದ ಕೆಸರಿನ ಹತ್ತಿರವೇ ಇತ್ತು. ಈಗ ಖಾಲಿ ಕ್ಯಾನ್ ಕಟ್ಟಿ, ನೀರಿನ ಮೇಲ್ಮಟ್ಟದಿಂದ ಎರಡು ಅಡಿ ಕೆಳಗೆ ತೇಲುವ ಹಾಗೆ ಮಾಡಿದೆ.

ಅಕ್ಟೋಬರ್ 16ರಿಂದ 19 – ಬ್ಲೀಚಿಂಗ್

ಮೊದಲು ಸಬ್‌ಮೇನ್ ಫ್ಲಶ್ ವಾಲ್, ಆಮೇಲೆ ಒಂದೊಂದು ಸಲಕ್ಕೆ ನಾಲ್ಕೇ ಸಾಲಿನ ಎಂಡ್ ಕ್ಯಾಪ್ ಬಿಚ್ಚಿ ತಿಳಿ ನೀರು ಬರುವವರೆಗೆ ಬಿಟ್ಟದ್ದು. ಎಲ್ಲ ಸಾಲೂ ಒಮ್ಮೆಗೇ ಬಿಚ್ಚಿದರೆ ಒತ್ತಡ ಸಾಲದೆ ಕಸ ಕದಲುವುದಿಲ್ಲ.

ಬ್ಲೀಚಿಂಗ್ ಪೌಡರ್ 600 ಗ್ರಾಂ, 20 ಲೀಟರ್ ನೀರಲ್ಲಿ ಕಲಕಿ ರಾತ್ರಿಯಿಡೀ ಮುಚ್ಚಿಟ್ಟು, ಬೆಳಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಂಡದ್ದು. ತಳದ ಬಿಳಿ ಗಸಿ ಸುಣ್ಣ, ಅದು ಪೈಪಿಗೆ ಹೋದರೆ ಮತ್ತೆ ತೂತು ಕಟ್ಟುತ್ತದೆ. ಸಂಜೆ ಅರ್ಧ ಗಂಟೆಯಲ್ಲಿ ಎಳೆಸಿದ್ದು. ಹೊಸ ಪುಡಿಯಾದರೆ ಇದು 40 ಪಿಪಿಎಂ (ಲೀಟರ್ ನೀರಿಗೆ 40 ಮಿ.ಗ್ರಾಂ ಕ್ಲೋರಿನ್) ಹತ್ತಿರ. ಬಾಯಿ ಬಿಚ್ಚಿಟ್ಟ ಹಳೆ ಪುಡಿಯ ಶಕ್ತಿ ಅರ್ಧವೂ ಇರುವುದಿಲ್ಲ. ಕೊನೆಯ ಸಾಲಿನ ತುದಿಯ ನೀರಿನಲ್ಲಿ ಬ್ಲೀಚಿಂಗ್ ವಾಸನೆ ಬಂದ ಮೇಲೆ ಮೋಟರ್ ಬಂದ್, ರಾತ್ರಿಯಿಡೀ ಹಾಗೇ. ಬೆಳಗ್ಗೆ ಮತ್ತೆ ನಾಲ್ಕು ನಾಲ್ಕು ಸಾಲು ಬಿಚ್ಚಿ ತೊಳೆದದ್ದು. ಚಹಾದ ಬಣ್ಣದ ನೀರಿನ ಜೊತೆ ಲೋಳೆಯ ಚೂರುಗಳು ಬಂದವು.

ಮೊದಲ ಸಲದ ನಂತರ ತುದಿಯ ಬಟ್ಟಲು 310. ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿದಾಗ 430. ಒಂದು ಸಾಲು ಎಷ್ಟು ಮಾಡಿದರೂ ಸರಿಹೋಗಲಿಲ್ಲ, 60 ಮೀಟರ್ ಪೈಪು ಬದಲಿಸಿದ್ದು, ಮೀಟರ್‌ಗೆ 11 ರೂಪಾಯಿ. ಬ್ಲೀಚಿಂಗ್ ಬಿಟ್ಟ ಮೇಲೆ ನಾಲ್ಕು ದಿನ ಜೀವಾಮೃತ ಬಿಡಲಿಲ್ಲ. ಬಿಟ್ಟರೆ ಸೂಕ್ಷ್ಮಾಣುಗಳನ್ನು ಸಾಕಿ ನಾವೇ ಕೊಂದ ಹಾಗೆ.

ಅಕ್ಟೋಬರ್ 22 – ಮರುಜೋಡಣೆ

ವೆಂಚುರಿ ಬಿಚ್ಚಿ ಫಿಲ್ಟರ್‌ಗಿಂತ ಮುಂಚೆ ಕೂರಿಸಿದ್ದು. ಹಳೆ ಜಾಲರಿ ಫಿಲ್ಟರ್ ಬದಲು 2 ಇಂಚಿನ ಡಿಸ್ಕ್ ಫಿಲ್ಟರ್ (2,300). ಲೋಳೆಯನ್ನು ಜಾಲರಿ ಹಿಡಿಯುವುದಿಲ್ಲ, ಒತ್ತಡಕ್ಕೆ ಹಿಂಡಿಕೊಂಡು ಆಚೆ ದಾಟುತ್ತದೆ. ಡಿಸ್ಕ್ ತಕ್ಕಮಟ್ಟಿಗೆ ಹಿಡಿಯುತ್ತದೆ.

ಸೋಸಲು ಎರಡು ಪೇಂಟ್ ಬಕೆಟ್. ತಳ ಕತ್ತರಿಸಿ ಮೇಲಿನದಕ್ಕೆ 80 ಮೆಶ್, ಕೆಳಗಿನದಕ್ಕೆ 120 ಮೆಶ್ ನೈಲಾನ್ ಬಟ್ಟೆ ಕಟ್ಟಿದ್ದು. ಸಗಣಿ, ಹಿಟ್ಟು ಎರಡನ್ನೂ ಗೋಣಿ ಚೀಲದಲ್ಲಿ ಕಟ್ಟಿ ಡ್ರಮ್ಮಿನಲ್ಲಿ ಇಳಿಬಿಡುವುದು, ದಿನಕ್ಕೆರಡು ಸಲ ಹಿಂಡುವುದು. ಈ ಒಂದು ಬದಲಾವಣೆಯಿಂದ ಸೋಸುವ ಹೊತ್ತು ಒಂದು ಗಂಟೆಯಿಂದ ಹದಿನೈದು ನಿಮಿಷಕ್ಕೆ ಇಳಿಯಿತು. ಎಲ್ಲ ಕೆಲಸದಲ್ಲಿ ಇದೇ ಅತಿ ಅಗ್ಗ, ಇದೇ ಅತಿ ಉಪಯುಕ್ತ. ಸೋಸಿದ್ದು ಎರಡನೇ ಡ್ರಮ್ಮಿನಲ್ಲಿ ಎರಡು ಗಂಟೆ ತಿಳಿ ಕೂರಬೇಕು.

ನವೆಂಬರ್‌ನಿಂದ – ಈಗಿನ ಕ್ರಮ

ಹದಿನೈದು ದಿನಕ್ಕೊಮ್ಮೆ. ಮೊದಲು 20 ನಿಮಿಷ ಬರೀ ನೀರು, ನಂತರ ಸೋಸಿದ ಜೀವಾಮೃತ ಸುಮಾರು ಒಂದು ಗಂಟೆ, ಕೊನೆಗೆ 30 ನಿಮಿಷ ಬರೀ ನೀರು. ಕೊನೆಯ 30 ನಿಮಿಷ ಕಡಿಮೆ ಮಾಡುವಂತಿಲ್ಲ, ಕರೆಂಟ್ ಹೋದರೆ ಬಂದ ಮೇಲೆ ಮೊದಲ ಕೆಲಸ ಅದೇ. ತ್ರೀಫೇಸ್ ಯಾವಾಗ ಹೋಗುತ್ತದೆ ಎಂದು ತಿಳಿದುಕೊಂಡೇ ಶುರುಮಾಡಿ. ಡಿಸ್ಕ್ ಅವತ್ತೇ ಬಿಚ್ಚಿ ತೊಳೆಯುವುದು. ಎಂಡ್ ಕ್ಯಾಪ್ ಎರಡು ಸರದಿಗೊಮ್ಮೆ. ಬಟ್ಟಲಿಟ್ಟು ಅಳೆಯುವುದು ತಿಂಗಳಿಗೊಮ್ಮೆ, 400ಕ್ಕಿಂತ ಕೆಳಗೆ ಬಂದರೆ ಬ್ಲೀಚಿಂಗ್.

ಎಲೆಯ ಮೇಲೆ ಕಾಕಂಬಿ ಸಿಂಪಡಿಸಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ) ಹೋಗುತ್ತದೆ ಎನ್ನುವವರಿದ್ದಾರೆ. 2021ರಲ್ಲಿ ಕಪ್ಪು ಥ್ರಿಪ್ಸ್ ಈ ಭಾಗದ ಹೂವನ್ನೆಲ್ಲ ತಿಂದ ಮೇಲೆ ಇಂಥ ಮಾತು ಹೆಚ್ಚಾಯಿತು. ಹೋಗುವುದಿಲ್ಲ. ಎಲೆ ಅಂಟಾಗಿ ಕಾಡಿಗೆಯಂಥ ಕಪ್ಪು ಬೂಷ್ಟು ಕೂರುತ್ತದೆ, ಅಷ್ಟೇ.

ಜನವರಿ 20, 2025 – ಕಂಡ ವ್ಯತ್ಯಾಸ

ಹೋಲಿಸಲು ಆರು ಸಾಲಿನ ಪೈಪಿಗೆ ಗುಂಡಿ ವಾಲ್ ಹಾಕಿ ಜೀವಾಮೃತದ ಹೊತ್ತಿಗೆ ಬಂದ್ ಮಾಡುತ್ತಿದ್ದುದು. ಗಿಡದ ಎತ್ತರ, ಕಾಯಿಯ ಉದ್ದ, ಬಣ್ಣದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಕೊಟ್ಟ ಸಾಲಿನಲ್ಲಿ ಬುಡಕ್ಕೆ ಹಾಕಿದ್ದ ತಿಪ್ಪೆ ಗೊಬ್ಬರ ಕರಗಿ ಮಣ್ಣಿಗೆ ಸೇರಿದೆ, ಕೊಡದ ಸಾಲಿನಲ್ಲಿ ಹೆಂಟೆಯಾಗಿಯೇ ಉಳಿದಿದೆ. ಗೊಬ್ಬರ ಹಾಕದ ಹೊಲಕ್ಕೆ ಬರೀ ಕಾಕಂಬಿ ಬಿಟ್ಟರೆ ಕರಗಿಸಲು ಅಲ್ಲಿ ಏನೂ ಇರುವುದಿಲ್ಲ, ದುಡ್ಡು ದಂಡ.

ಖರ್ಚು: ಡ್ರಮ್ಮು, ವೆಂಚುರಿ, ಪೈಪು, ಗೇಜು, ಜಾಲರಿ, ಬಕೆಟ್ ಸೇರಿ 4,590. ಡಿಸ್ಕ್ ಫಿಲ್ಟರ್ 2,300. ಕಾಕಂಬಿ ಎರಡು ಡಬ್ಬ 1,750. ಬ್ಲೀಚಿಂಗ್ 120. ಹೊಸ ಪೈಪು 660. ಒಟ್ಟು 9,420. ಇದರಲ್ಲಿ ಹಾಳಾದ ಡಬ್ಬ, ಬ್ಲೀಚಿಂಗ್, ಪೈಪು ಸೇರಿ 1,655 ರೂಪಾಯಿ ಅಕ್ಟೋಬರ್ 5ರ ಅರ್ಧ ಗಂಟೆಯದು.

ಬಾಕಿ ಕೆಲಸ: ಹೊಂಡದ ನೀರಿಗೆ ಮರಳಿನ ಫಿಲ್ಟರ್. ಡಿಸ್ಕ್ ಒಂದರಿಂದಲೇ ಬೇಸಿಗೆಯ ಪಾಚಿ ತಡೆಯುವುದಿಲ್ಲ, ಈಗಲೇ ವಾರಕ್ಕೆ ಎರಡು ಸಲ ಬಿಚ್ಚಬೇಕಾಗಿದೆ.